ವಾಪಸು ಬಂದ ಲಕೋಟೆಗಳ ಲೆಕ್ಕ

ಕಥೆ ಬರೆಯುವ ಹಂಬಲವಿರುವವರ ಪ್ರಶ್ನೆಗಳಿಗೆ ನಾನು ಉತ್ತರ ಕೊಡುತ್ತೇನೆ ಎಂದು ಸಂಪಾದಕರು ಹೋದ ಸಂಚಿಕೆಯಲ್ಲಿ ನನ್ನನ್ನು ಕೇಳದೆಯೇ ಪ್ರಕಟಿಸಿಬಿಟ್ಟರು. ಅದರ ಫಲವಾಗಿ ಈಗ ಮೇಜಿನ ಮೇಲೆ 41 ಪತ್ರಗಳಿವೆ. ಕೈಯಲ್ಲಿ ಬರೆದು ಸ್ಟಾಂಪು ಹಚ್ಚಿ ಕಳುಹಿಸಿದವು ಆರು. ಮಿಕ್ಕವನ್ನು ಕಚೇರಿಯವರು ಇ-ಮೇಲಿನಿಂದ ಮುದ್ರಿಸಿ ಕೊಟ್ಟಿದ್ದಾರೆ. ನಾನು 37 ವರ್ಷ ಅಂಚೆ ಇಲಾಖೆಯ ಅನ್ನ ಉಂಡವನು. ಸ್ಟಾಂಪು ಹಚ್ಚಿದವರ ಕಡೆಗೆ ಸ್ವಲ್ಪ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಹೆಸರು ಹಾಕಬೇಡಿ ಎಂದು ಬಹಳ ಮಂದಿ ಕೇಳಿಕೊಂಡಿರುವುದರಿಂದ ಇಲ್ಲಿ ಊರು ಮಾತ್ರ ಇದೆ.

ಪ್ರಶ್ನೆ: ನನಗೆ 26 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಇದುವರೆಗೆ ಹನ್ನೊಂದು ಕಥೆ ಶುರು ಮಾಡಿದ್ದೇನೆ, ಒಂದೂ ಮುಗಿದಿಲ್ಲ. ಎರಡು ಮೂರು ಪುಟವಾಗುವಷ್ಟರಲ್ಲಿ ಮನಸ್ಸು ಇನ್ನೊಂದು ಕಥೆಗೆ ಹಾರುತ್ತದೆ. ನನ್ನಲ್ಲಿ ಶಿಸ್ತು ಇಲ್ಲವೋ, ಪ್ರತಿಭೆಯೇ ಇಲ್ಲವೋ? ಒಂದು ಕಥೆಯ ಮೊದಲ ಪುಟವನ್ನು ಲಗತ್ತಿಸಿದ್ದೇನೆ.
– ಓದುಗರು, ಸಿಂಧನೂರು

ತಮ್ಮಾ, ನಿಮ್ಮ ಮೊದಲ ಪುಟ ಓದಿದೆ. ಮೂಡಣದಲ್ಲಿ ನೇಸರನು ಹೊಂಗಿರಣ ಚೆಲ್ಲುತ್ತಾನೆ, ಹಕ್ಕಿಗಳು ಚಿಲಿಪಿಲಿಗುಟ್ಟುತ್ತವೆ, ಬೆಂಗಳೂರಿನ ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರನೊಬ್ಬ ಕಾಫಿ ಹೀರುತ್ತ ಕಳೆದುಹೋದ ಪ್ರೀತಿಯನ್ನು ನೆನೆಯುತ್ತಾನೆ. ನೀವು ಹನ್ನೆರಡನೇ ಮಹಡಿಯಲ್ಲಿ ಒಂದು ರಾತ್ರಿಯಾದರೂ ಮಲಗಿದ್ದೀರಾ? ಅಷ್ಟು ಎತ್ತರಕ್ಕೆ ಹಕ್ಕಿಯ ಚಿಲಿಪಿಲಿ ಕೇಳುತ್ತದೆಯೇ? ನನಗೂ ಗೊತ್ತಿಲ್ಲ.

ಆದರೆ ಜೊತೆಗಿಟ್ಟ ಪತ್ರದ ಕೊನೆಯಲ್ಲಿ ನೀವು ಯೋಚಿಸದೆ ಒಂದು ಮಾತು ಬರೆದಿದ್ದೀರಿ: ‘ಈಗ ಸುಗ್ಗಿಯಾದ್ದರಿಂದ ಮುನೀಮರು ಕಾಳು ಕಡಿದು ನೋಡಿ ದರ ಹೇಳುವಷ್ಟರಲ್ಲಿ ರಾತ್ರಿ ಹತ್ತಾಗುತ್ತದೆ, ಪತ್ರ ತಡವಾದದ್ದಕ್ಕೆ ಕ್ಷಮಿಸಿ.’ ಈ ಸಾಲನ್ನು ನಾನು ನಾಲ್ಕು ಸಲ ಓದಿದೆ. ಸರಕಾರದ ಖರೀದಿ ಕೇಂದ್ರದಲ್ಲಿ ಭತ್ತದ ತೇವಾಂಶ ಶೇ 17ನ್ನು ಮೀರಬಾರದು ಎಂಬ ನಿಯಮವಿದೆ, ಅಳೆಯುವುದಕ್ಕೆ ಯಂತ್ರವಿದೆ. ನಿಮ್ಮ ಗಿರಣಿಯಲ್ಲಿ ಅಳೆಯುವುದು ಒಬ್ಬ ಮನುಷ್ಯನ ಹಲ್ಲು. ಎರಡು ದಿನ ರಸ್ತೆಯ ಮೇಲೆ ಹರವಿ, ಲಾರಿಯ ಚಕ್ರಕ್ಕೆ ಸಿಕ್ಕದಂತೆ ಕಲ್ಲು ಇಟ್ಟು, ಕಾದು, ಒಣಗಿಸಿ ತಂದ ರೈತ ಎದುರಿಗೆ ನಿಂತಿದ್ದಾನೆ. ಹೊರಗೆ ಟ್ರ್ಯಾಕ್ಟರಿನ ಬಾಡಿಗೆ ಏರುತ್ತಿದೆ. ಮುನೀಮರು ಒಂದು ಕಾಳನ್ನು ಹಲ್ಲಿನ ನಡುವೆ ಇಡುತ್ತಾರೆ. ಕಟ್ ಎಂದರೆ ಒಂದು ದರ, ಮೆತ್ತಗೆ ಒತ್ತಿಕೊಂಡರೆ ಇನ್ನೊಂದು. ಆ ಹೊತ್ತಿನಲ್ಲಿ ರೈತ ಏನನ್ನು ನೋಡುತ್ತಾನೆ? ಮುನೀಮರ ಬಾಯನ್ನೋ, ಲೆಕ್ಕದ ಪುಸ್ತಕ ಹಿಡಿದು ಕೂತ ನಿಮ್ಮನ್ನೋ? ಅದನ್ನು ನೋಡಿರುವವರು ಕನ್ನಡದ ಕಥೆಗಾರರಲ್ಲಿ ಎಷ್ಟು ಜನ ಇದ್ದಾರು ಹೇಳಿ. ನೀವೋ ದಿನಕ್ಕೆ ನಲವತ್ತು ಸಲ ನೋಡುತ್ತೀರಿ.

ಕಥೆ ಮುಗಿಯದಿರುವುದಕ್ಕೂ ಶಿಸ್ತಿಗೂ ಸಂಬಂಧವಿಲ್ಲ. ಆ ಎಂಜಿನಿಯರನ ಬಗ್ಗೆ ನಿಮಗೆ ಗೊತ್ತಿರುವುದು ಎರಡೇ ಪುಟದ್ದು. ಮೂರನೆಯ ಪುಟಕ್ಕೆ ಬರುವಾಗ ಚೀಲ ಬರಿದಾಗಿರುತ್ತದೆ, ಮನಸ್ಸು ಸಹಜವಾಗಿಯೇ ಬೇರೆ ಕಡೆ ಹಾರುತ್ತದೆ. ಗಿರಣಿಯ ಕಥೆಯನ್ನು ಯಾರು ಓದುತ್ತಾರೆ ಎಂಬ ಅನುಮಾನ ಬೇಡ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು; 1979ರಲ್ಲಿ ಬಂದ ಅವರ ‘ಶಿಕಾರಿ’ ಕಾದಂಬರಿಯ ನಾಗಪ್ಪನೂ ಅಂಥದೇ ಕಂಪನಿಯ ಮನುಷ್ಯ. ಬೇಟೆ ಕಾಡಿನಲ್ಲಿಯೇ ನಡೆಯಬೇಕೆಂದು ಅವರು ಕಾಯಲಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದೂ ಕೇಳಿದ್ದೀರಿ. ನಾನು ಕೆಲಸಕ್ಕೆ ಸೇರಿದ್ದು 1974ರಲ್ಲಿ, ಕುಂದಾಪುರ ತಾಲೂಕಿನ ಒಂದು ಉಪ ಅಂಚೆ ಕಚೇರಿಯಲ್ಲಿ. ತಂತಿ, ಅಂದರೆ ಟೆಲಿಗ್ರಾಂ, ಕಳುಹಿಸುವ ವ್ಯವಸ್ಥೆಯೂ ಅಲ್ಲೇ ಇತ್ತು. ಊರಿನ ಎಷ್ಟೋ ಗಂಡಸರು ಮುಂಬಯಿಯ ಹೋಟೆಲುಗಳಲ್ಲಿದ್ದರು. ಇಲ್ಲಿ ತಾಯಿ ತೀರಿಕೊಂಡರೆ ತಾಯಿ ತೀರಿಕೊಂಡಳು ಎಂದು ಯಾರೂ ತಂತಿ ಕೊಡುತ್ತಿರಲಿಲ್ಲ. ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’, ಅಷ್ಟೇ. ಬರೆಸಿದವನಿಗೆ ನಿಜ ಗೊತ್ತು, ಕಳುಹಿಸುವ ನಮಗೆ ಗೊತ್ತು, ಅಲ್ಲಿ ಕಾಗದ ಒಡೆದು ನೋಡಿದ ಹುಡುಗನಿಗೂ ಗೊತ್ತು. ಆದರೂ ಊರು ಮುಟ್ಟುವ ತನಕ, ಅಷ್ಟು ದೂರದ ಬಸ್ಸಿನಲ್ಲಿ, ಅವ್ವ ಬದುಕಿರಬಹುದು ಎಂದುಕೊಳ್ಳಲು ಅವನಿಗೊಂದು ಎಡೆ ಉಳಿದಿರುತ್ತಿತ್ತು. ಆ ತಂತಿಯಲ್ಲಿ ಹವಾಮಾನವಿರಲಿಲ್ಲ, ತಾಯಿಯ ಗುಣಗಾನವಿರಲಿಲ್ಲ. ಒಂದೊಂದು ಪದಕ್ಕೂ ಕಾಸು ಕೊಡಬೇಕಿತ್ತಲ್ಲ! ನೀವೂ ಮೊದಲ ಪುಟದ ಒಂದೊಂದು ಪದಕ್ಕೂ ಜೇಬಿನಿಂದ ಒಂದೊಂದು ರೂಪಾಯಿ ತೆಗೆದಿಡುತ್ತೇನೆ ಎಂದುಕೊಂಡು ಓದಿ ನೋಡಿ. ನೇಸರ ತಾನಾಗಿಯೇ ಮುಳುಗುತ್ತಾನೆ.

ಹನ್ನೊಂದರಲ್ಲಿ ಹತ್ತನ್ನು ಕಟ್ಟಿ ಅಟ್ಟಕ್ಕೆ ಹಾಕಿ. ಗಿರಣಿಯ ಕಥೆಯನ್ನು ಕೆಟ್ಟದಾಗಿಯಾದರೂ ಕೊನೆಯ ತನಕ ಬರೆಯಿರಿ, ಆರು ಪುಟ ಸಾಕು. ಕೆಟ್ಟ ಕಥೆಯನ್ನು ತಿದ್ದಬಹುದು, ಇಲ್ಲದ ಕಥೆಯನ್ನು ತಿದ್ದಲಾಗದು. ಇನ್ನೊಂದು: ಮುನೀಮರು ಕಡಿದ ಕಾಳನ್ನು ಉಗುಳುತ್ತಾರೋ, ನುಂಗುತ್ತಾರೋ? ನೀವು ಬರೆದಿಲ್ಲ. ನಾಳೆ ನೋಡಿಕೊಂಡು ಬನ್ನಿ.

ಪ್ರಶ್ನೆ: ನನಗೆ 53 ವರ್ಷ. ಏಳನೇ ತರಗತಿಯ ತನಕ ಓದಿದ್ದೇನೆ. ಬರೆದ ಪುಸ್ತಕಗಳನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ, ಮಕ್ಕಳು ಕಂಡರೆ ನಗುತ್ತಾರೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?
– ಓದುಗಿ, ತರೀಕೆರೆ

ಅಮ್ಮಾ, ನಿಮ್ಮ ಜಿಲ್ಲೆಗೆ ತಾಗಿದ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೂ ಶಾಲೆ ಹೆಚ್ಚು ಸಿಕ್ಕಿರಲಿಲ್ಲ. ಅವರು ಬರೆಯಲು ಕೂತದ್ದು 45ರ ಹೊತ್ತಿಗೆ. ‘ತುಂಗಭದ್ರಾ’ ಬಂದದ್ದು 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ. ಆಮೇಲಿನದು ನಿಮಗೇ ಗೊತ್ತು, ಅವರನ್ನು ಓದಿಯೇ ಬರೆಯುವ ಆಸೆ ಹುಟ್ಟಿತು ಎಂದು ನೀವೇ ಬರೆದಿದ್ದೀರಿ. ಉತ್ತರ ನಿಮ್ಮ ಪತ್ರದಲ್ಲೇ ಇದ್ದಾಗ ನನ್ನನ್ನು ಕೇಳುವುದೇಕೆ?

ಒಗ್ಗರಣೆ ಸಿಡಿಯುವಷ್ಟರಲ್ಲಿ ಹೊಳೆದ ಸಾಲು ಮರೆತುಹೋಗುತ್ತದೆ ಎಂದಿದ್ದೀರಲ್ಲ, ಅದಕ್ಕೆ ಮಾತ್ರ ನನ್ನದೊಂದು ಉಪಾಯವಿದೆ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದೇ ಇರುತ್ತದೆ. ಆ ದಿನದ ಚೌಕದಲ್ಲಿ ಒಂದೇ ಒಂದು ಪದ ಗೀಚಿ. ‘ಬಾವಿಹಗ್ಗ’, ‘ಬಳೆಗಾರ’, ಯಾವುದೋ ಒಂದು. ರಾತ್ರಿ ಪುಸ್ತಕ ತೆರೆದಾಗ ಆ ಪದವೇ ಸಾಲನ್ನು ಕರೆದುಕೊಂಡು ಬರುತ್ತದೆ. ಮಕ್ಕಳು ನೋಡಿದರೂ ಹಾಲಿನವನ ಬಾಕಿ ಎಂದುಕೊಳ್ಳುತ್ತಾರೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆಗೆ ಎಳೆ ಕೊಟ್ಟರೆ ಎರಡು ನಿಮಿಷದಲ್ಲಿ ಕಥೆ ಸಿದ್ಧವಾಗುತ್ತದೆ. ಕನ್ನಡವೂ ತಕ್ಕಮಟ್ಟಿಗಿದೆ. ಅದನ್ನು ತಿದ್ದಿ ನನ್ನ ಹೆಸರಿನಲ್ಲಿ ಕಳುಹಿಸಿದರೆ ತಪ್ಪೇ?
– ಓದುಗರು, ಬೆಂಗಳೂರು

ತಪ್ಪು ಒಪ್ಪಿನ ವಿಚಾರವನ್ನು ಸಂಪಾದಕರಿಗೆ ಬಿಡುತ್ತೇನೆ. ನನಗೆ ನೆನಪಾದದ್ದು ಬೇರೆ. ಶುಭಾಶಯದ ತಂತಿಗಳಿಗೆ ಇಲಾಖೆಯಲ್ಲಿ ಸಿದ್ಧವಾಕ್ಯಗಳ ಒಂದು ಪಟ್ಟಿಯಿತ್ತು. ಮದುವೆಗೊಂದು, ದೀಪಾವಳಿಗೊಂದು, ಪರೀಕ್ಷೆ ಪಾಸಾದದ್ದಕ್ಕೊಂದು, ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಗಿರಾಕಿ ಸಂಖ್ಯೆ ಹೇಳಿದರೆ ಸಾಕು, ಆ ತುದಿಯಲ್ಲಿ ಚೆಂದದ ವಾಕ್ಯವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇ ತಿಂಗಳ ಒಳ್ಳೆಯ ಮುಹೂರ್ತದ ದಿನ ಒಂದೇ ಮದುವೆಮನೆಗೆ ಒಂದೇ ವಾಕ್ಯ ಇಪ್ಪತ್ತು ಸಲ ಹೋಗುತ್ತಿತ್ತು. ವ್ಯಾಕರಣ ತಪ್ಪಿಲ್ಲ, ಭಾವನೆಗೆ ಕೊರತೆಯಿಲ್ಲ, ಅಗ್ಗವೂ ಹೌದು. ಆ ಇಪ್ಪತ್ತರಲ್ಲಿ ಯಾವುದು ಸೋದರಮಾವನದು, ಯಾವುದು ಕಚೇರಿಯವರದು ಎಂದು ತಿಳಿಯಲು ಕೆಳಗಿನ ಹೆಸರು ನೋಡಬೇಕಾಗಿತ್ತು.

ಒಮ್ಮೆ ಒಬ್ಬ ಮುದುಕರು ಬಂದು ಸಂಖ್ಯೆ ಬೇಡ ಎಂದು ಹಟ ಹಿಡಿದರು. ಪದದ ಲೆಕ್ಕದಲ್ಲಿ ಪೂರ್ತಿ ದುಡ್ಡು ಕೊಟ್ಟು ಕಳುಹಿಸಿದ್ದು ಇಷ್ಟು: ಕಾಲು ಊದಿದೆ, ಬರಲಾರೆ, ಕಾಯಿ ಐವತ್ತು ಲಾರಿಯಲ್ಲಿ ಬರುತ್ತದೆ. ನಾನದನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆಯಲು ಹೆಣಗಾಡಿದೆ. ಇಡೀ ಋತುವಿನಲ್ಲಿ ನಾನು ಕಳುಹಿಸಿದ ನೂರಾರು ತಂತಿಗಳಲ್ಲಿ ಈಗ ನೆನಪಿರುವುದು ಅದೊಂದೇ. ನೀವು ತಿದ್ದಲು ಹೊರಟಿರುವುದು ಸಂಖ್ಯೆಯ ವಾಕ್ಯವನ್ನು. ಅದರಲ್ಲಿ ಊದಿದ ಕಾಲನ್ನು ಎಲ್ಲಿ ತೂರಿಸುತ್ತೀರಿ?

ಕಾಗುಣಿತ ನೋಡಲು, ಮಾಹಿತಿ ಹುಡುಕಲು ಯಂತ್ರವನ್ನು ಧಾರಾಳವಾಗಿ ಬಳಸಿ. ನನ್ನ ಮೊಮ್ಮಗಳೂ ಬಳಸುತ್ತಾಳೆ.

ಪ್ರಶ್ನೆ: ಮೂರು ಪತ್ರಿಕೆಗಳಿಗೆ ಕಥೆ ಕಳುಹಿಸಿ ಎಂಟು ತಿಂಗಳಾಯಿತು. ಸ್ವೀಕರಿಸಿದ್ದೇವೆ ಎಂದೂ ಇಲ್ಲ, ತಿರಸ್ಕರಿಸಿದ್ದೇವೆ ಎಂದೂ ಇಲ್ಲ. ಬರೆಯುವುದನ್ನೇ ಬಿಟ್ಟುಬಿಡೋಣ ಎನಿಸುತ್ತಿದೆ.
– ಓದುಗರು, ಇಂಡಿ

ನಿಮ್ಮ ಕಾಲದ ಕಷ್ಟ ಮೌನ, ನಮ್ಮ ಕಾಲದ ಕಷ್ಟ ಸದ್ದು. ಆಗ ಕಥೆಯ ಜೊತೆಗೆ ನಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯನ್ನು ಮಡಚಿ ಇಡಬೇಕಿತ್ತು. ಬೇಡವಾದ ಕಥೆ ಅದರಲ್ಲಿ ವಾಪಸು ಬರುತ್ತಿತ್ತು. ಸ್ವೀಕೃತವಾದರೆ ಒಂದು ಕಾರ್ಡು. ಹಾಗಾಗಿ ದಪ್ಪ ಎಂದರೆ ಸೂತಕ, ತೆಳು ಎಂದರೆ ಹಬ್ಬ. ಬೇರೆಯವರಿಗೆ ಈ ಸುದ್ದಿಯನ್ನು ಅಂಚೆಯಣ್ಣ ಮನೆಯಂಗಳಕ್ಕೆ ತಂದು ಕೊಡುತ್ತಾನೆ, ಅಳುವುದಿದ್ದರೆ ಒಳಗೆ ಹೋಗಿ ಅಳಬಹುದು. ನನ್ನ ಗತಿ ನೋಡಿ. ಬೆಳಗ್ಗೆ ಟಪಾಲು ಚೀಲದ ಅರಗು ಒಡೆದು ನೆಲಕ್ಕೆ ಸುರಿಯುವವನು ನಾನು, ವಿಂಗಡಿಸುವವನು ನಾನು, ನನ್ನದೇ ಅಕ್ಷರದ ದಪ್ಪ ಲಕೋಟೆಯ ಮೇಲೆ ತಾರೀಖಿನ ಮುದ್ರೆ ಹೊಡೆಯುವವನೂ ನಾನು. ಪಕ್ಕದಲ್ಲಿ ಕೂತ ಪೋಸ್ಟ್‌ಮನ್ ಕೈಯಲ್ಲಿ ತೂಗಿ ನೋಡಿ, ‘ಮಾರಾಯರೇ, ಈ ಸಲ ಹೋದದ್ದಕ್ಕಿಂತ ಭಾರವಾಗಿ ಬಂದಿದೆ’ ಎನ್ನುತ್ತಿದ್ದ.

ಹೀಗೆ ಹದಿನೇಳು ಸಲ ಬಂತು. ಹದಿನೆಂಟನೆಯದಕ್ಕೆ ಕಾರ್ಡು ಬಂತು, 1981ರ ಮಳೆಗಾಲದಲ್ಲಿ. ಮೂರು ಸಾಲು. ಅದಕ್ಕೆ ನಾನು ಮುದ್ರೆಯನ್ನು ಎರಡು ಸಲ ಹೊಡೆದೆ, ಇಲಾಖೆ ಕ್ಷಮಿಸಲಿ. ನಿವೃತ್ತನಾದ ಮೇಲೆ ಆ ಹದಿನೇಳನ್ನೂ ತೆಗೆದು ಓದಿದೆ. ಹದಿನಾಲ್ಕು ವಾಪಸು ಬರಬೇಕಾದವೇ. ಮೂರು ಬರಬಾರದಾಗಿತ್ತು. ಅವುಗಳಲ್ಲಿ ಒಂದನ್ನು ಒಂದಕ್ಷರವೂ ಬದಲಾಯಿಸದೆ ಬೇರೆ ಕಡೆ ಕಳುಹಿಸಿದೆ, ಪ್ರಕಟವಾಯಿತು.

ಈಗ ನಿಮ್ಮ ಕೆಲಸಕ್ಕೆ ಬರುವ ಮಾತು. ಒಂದೇ ಕಥೆಯನ್ನು ಮೂರೂ ಕಡೆ ಒಟ್ಟಿಗೆ ಕಳುಹಿಸಿದ್ದೀರಾ? ಪತ್ರದಲ್ಲಿ ಸ್ಪಷ್ಟವಿಲ್ಲ. ಕಳುಹಿಸಿದ್ದರೆ ಇನ್ನು ಮುಂದೆ ಹಾಗೆ ಮಾಡಬೇಡಿ. ಎರಡು ಕಡೆ ಒಮ್ಮೆಗೇ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಮೂರು ತಿಂಗಳು ಕಾಯಿರಿ, ಆಮೇಲೆ ಒಂದು ಸಾಲಿನ ವಿನಯದ ಪತ್ರ ಬರೆಯಿರಿ, ಅದಕ್ಕೂ ಉತ್ತರವಿಲ್ಲದಿದ್ದರೆ ಕಥೆಯನ್ನು ಹಿಂಪಡೆದಿದ್ದೇನೆಂದು ತಿಳಿಸಿ ಮುಂದಿನ ವಿಳಾಸಕ್ಕೆ ಕಳುಹಿಸಿ. ಇ-ಮೇಲಾದರೆ ಯೂನಿಕೋಡ್‌ನಲ್ಲಿಯೇ ಇರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕಥೆ ಆ ಕಡೆಯ ಕಂಪ್ಯೂಟರಿನಲ್ಲಿ ಮಂತ್ರವಾದಿಯ ತಾಯತದಂತೆ ಕಾಣಿಸುವುದುಂಟು, ಅದನ್ನು ಬಿಡಿಸಿ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ನೋಟ್‌ಬುಕ್ಕಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಬೇಡಿ. ಅಂಚೆಯಲ್ಲಿ ಕಳುಹಿಸುವುದಾದರೆ, ನಮ್ಮ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಕಿಟಕಿಯಲ್ಲಿ ಹಳೆಯ ಹೆಸರು ಹೇಳಿ ಜಗಳವಾಡಬೇಡಿ. ಆ ಹೆಸರು ಹೋದದ್ದಕ್ಕೆ ದುಃಖಪಡಲು ನಮ್ಮಂಥವರು ಇದ್ದೇವೆ.

ಇನ್ನು, ಸುಧಾ, ತರಂಗ, ಮಯೂರ, ತುಷಾರ ಇವನ್ನು ಕೊಂಡು ಓದಿ ಆಮೇಲೆ ಕಳುಹಿಸಿ. ಸಂಪಾದಕರು ಕೋಪಿಸಿಕೊಳ್ಳಬಾರದು, ಈ ಪತ್ರಿಕೆಯನ್ನಂತೂ ಈ ಓದುಗರು ಓದುತ್ತಲೇ ಇದ್ದಾರೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೂ ಕಳುಹಿಸಿ. ಪದಮಿತಿ ಕೊಟ್ಟಿದ್ದರೆ ಮೀರಬೇಡಿ.

ಪ್ರಶ್ನೆ: ನಮ್ಮ ಕಡೆಯ ಮಾತಿನಲ್ಲಿ ಬರೆದರೆ ಬೆಂಗಳೂರಿನವರಿಗೆ ತಿಳಿಯುವುದಿಲ್ಲ, ಪುಸ್ತಕದ ಭಾಷೆಯಲ್ಲಿ ಬರೆದರೆ ನನ್ನ ಅಜ್ಜಿ ಟಿ.ವಿ. ವಾರ್ತೆ ಓದಿದಂತೆ ಮಾತಾಡುತ್ತಾಳೆ. ಏನು ಮಾಡಲಿ?
– ಓದುಗಿ, ಕಲಬುರಗಿ

ಈ ಪ್ರಶ್ನೆ ಕೇಳಿದವರು ಚೆನ್ನಾಗಿ ಬರೆಯುತ್ತಾರೆ ಎಂದು ನನಗೆ ಈಗಾಗಲೇ ನಂಬಿಕೆ ಬಂದಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮೊದಲ ಸಲ ತೆರೆದಾಗ ಕರಾವಳಿಯವನಾದ ನಾನು ಹತ್ತು ಪುಟ ಎಡವಿದೆ. ನಂಜನಗೂಡಿನ ಕಡೆಯ ಮಾತು ನನ್ನ ಕಿವಿಗೆ ಹೊಸದು. ಗಟ್ಟಿಯಾಗಿ ಓದತೊಡಗಿದ ಮೇಲೆ ದಾರಿ ತೆರೆಯಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಅದು ಇಡೀ ಕೃತಿಯೇ ಆ ನುಡಿಯಲ್ಲಿ ಉಸಿರಾಡುವ ಬಗೆ. ನೀವು ಸದ್ಯಕ್ಕೆ ನಿರೂಪಣೆಯನ್ನು ನಿಮ್ಮ ಓದಿನ ಕನ್ನಡದಲ್ಲಿ ಇಟ್ಟುಕೊಂಡು ಅಜ್ಜಿಯ ಬಾಯಿಯನ್ನು ಅಜ್ಜಿಗೇ ಬಿಟ್ಟುಕೊಡಿ. ಪ್ರತಿ ಅಕ್ಷರದ ಉಚ್ಚಾರವನ್ನೂ ಕಾಗದಕ್ಕೆ ಇಳಿಸಬೇಕಾಗಿಲ್ಲ. ಅವಳು ಯಾವ ಪದವನ್ನು ಮೊದಲು ಹೇಳುತ್ತಾಳೆ, ಎಲ್ಲಿ ನಿಲ್ಲಿಸುತ್ತಾಳೆ ಎಂಬುದನ್ನು ಹಿಡಿಯಿರಿ. ನಮ್ಮ ಕಡೆ ಒಂದು ‘ಹ್ವಾಯ್’ ಸಾಕು, ಇಡೀ ಕುಂದಾಪುರ ಎದ್ದು ನಿಲ್ಲುತ್ತದೆ; ಸಾಲಿಗೆ ಮೂರು ಹ್ವಾಯ್ ಹಾಕಿದರೆ ಅದು ನಾಟಕ ಕಂಪನಿಯ ಹಾಸ್ಯದ ಸೀನು.

ಕಂಸದಲ್ಲಿ ಅರ್ಥ ಕೊಡಬೇಡಿ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತರುವಾಗ ಕನ್ನಡದ, ಉರ್ದುವಿನ, ಅರಬ್ಬಿಯ ಎಷ್ಟೋ ಪದಗಳನ್ನು ಹಾಗೆಯೇ, ಓರೆ ಅಕ್ಷರಕ್ಕೂ ತಿರುಗಿಸದೆ ಉಳಿಸಿಕೊಂಡರು. ಆ ಪುಸ್ತಕಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಲಂಡನ್ನಿನವರಿಗೆ ಹಾಸನದ ಮಾತು ತಿಳಿಯುವುದಾದರೆ ಬೆಂಗಳೂರಿನವರಿಗೆ ಕಲಬುರಗಿಯ ಮಾತು ತಿಳಿಯದೇನು?

ಪ್ರಶ್ನೆ: ನನ್ನ ಮೊದಲ ಸಂಕಲನ ಸಿದ್ಧವಿದೆ. ಪ್ರಕಟಿಸಲು ಒಬ್ಬರು 40,000 ರೂಪಾಯಿ ಕೇಳುತ್ತಿದ್ದಾರೆ. ಹಸ್ತಪ್ರತಿ ಕೊಟ್ಟರೆ ಕದ್ದಾರೆಂಬ ಭಯವೂ ಇದೆ.
– ಓದುಗರು, ಹೊಸಪೇಟೆ

ದುಡ್ಡು ಕೊಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯಿದೆ, ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಹೊಸ ಕಥೆಗಾರರ ಹಸ್ತಪ್ರತಿಗಾಗಿ ‘ಛಂದ ಪುಸ್ತಕ’ ಪ್ರಕಾಶನದವರು ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. ಪುಸ್ತಕದ ಗುರುತಿಗೆ ಬೇಕಾದ ಐಎಸ್‌ಬಿಎನ್ ಸಂಖ್ಯೆ ಕೊಡಿಸುತ್ತೇನೆ ಎಂದು ಯಾರಾದರೂ ಶುಲ್ಕ ಕೇಳಿದರೆ, ಅದನ್ನು ಕೇಂದ್ರ ಸರಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ ಎಂದು ಹೇಳಿ ಎದ್ದು ಬನ್ನಿ. ಹಕ್ಕುಸ್ವಾಮ್ಯಕ್ಕೆ ನೋಂದಣಿಯ ಕಡ್ಡಾಯವಿಲ್ಲ. ನೀವು ಬರೆದ ಕ್ಷಣದಿಂದ ಕೃತಿ ನಿಮ್ಮದು, 1957ರ ಕಾಯಿದೆಯ ಪ್ರಕಾರ ನಿಮ್ಮ ಕಾಲಾನಂತರ 60 ವರ್ಷದವರೆಗೂ ನಿಮ್ಮವರದು. ಆದರೆ ಕಥೆಯ ಎಳೆಗೆ, ಬರಿಯ ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ. ಚಹಾದಂಗಡಿಯಲ್ಲಿ ಕಥೆ ಹೇಳುವ ಚಟವಿದ್ದರೆ ಬಿಡಿ.

ಪ್ರಶ್ನೆ: ನನ್ನ ಸೋದರತ್ತೆಯ ಬದುಕೇ ಒಂದು ಕಾದಂಬರಿ. ಅವರಿಗೀಗ 71 ವರ್ಷ. ಹೆಸರು, ಊರು ಎಲ್ಲ ಬದಲಾಯಿಸಿ ಬರೆದರೆ ಮನೆಯಲ್ಲಿ ಯಾರಿಗೂ ಗೊತ್ತಾಗದು ಅಲ್ಲವೇ?
– ಓದುಗಿ, ಅರಸೀಕೆರೆ

ಗೊತ್ತಾಗುತ್ತದೆ, ತಂಗೀ. ಹೇಗೆ ಎಂದು ಹೇಳುತ್ತೇನೆ. ಇದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ಮನಿಯಾರ್ಡರ್ ಫಾರಮಿನ ಕೆಳತುದಿಯಲ್ಲಿ ಹರಿದು ಕೊಡುವ ಒಂದು ತುಂಡು ಇರುತ್ತಿತ್ತು. ಹಣ ಕಳುಹಿಸುವವರು ಅದರಲ್ಲಿ ನಾಲ್ಕು ಸಾಲು ಬರೆಯಬಹುದಿತ್ತು. ಮುಂಬಯಿಯ ಹೋಟೆಲಿನಲ್ಲಿದ್ದ ಒಬ್ಬ ಹುಡುಗ ಪ್ರತಿ ತಿಂಗಳೂ ತಾಯಿಗೆ ಹಣ ಹಾಕುತ್ತಿದ್ದ. ತಾಯಿಗೆ ಓದು ಬಾರದು. ಹಣ ಕೈಸೇರಿದ ಮಾರನೆಯ ದಿನ ಆ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನಿಂದ ಇನ್ನೊಮ್ಮೆ ಓದಿಸಿಕೊಳ್ಳುತ್ತಿದ್ದಳು, ಒಂದು ಇನ್‌ಲ್ಯಾಂಡ್ ಕೊಂಡು ಉತ್ತರ ಬರೆಸುತ್ತಿದ್ದಳು. ಉತ್ತರ ಪ್ರತಿ ಸಲವೂ ಒಂದೇ: ಇಲ್ಲಿ ಎಲ್ಲ ಕ್ಷೇಮ.

ಒಂದು ಆಷಾಢದಲ್ಲಿ ಗಾಳಿಗೆ ಅವಳ ಮನೆಯ ಅರ್ಧ ಹಂಚು ಹಾರಿತ್ತು. ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ನನಗೆ ಎಲ್ಲವನ್ನೂ ಹೇಳಿದಳು, ಗೋಣಿಯ ಕೊಪ್ಪೆಯನ್ನು ಕಿಟಕಿಯ ಹೊರಗೆ ಕೊಡವುತ್ತ. ಬರೆಯುವ ಹೊತ್ತಿಗೆ, ‘ಅದನ್ನು ಬರೆಯಬೇಡಿ. ಮಳೆ ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. ಕ್ಷೇಮ ಎಂದು ಬರೆಯಿರಿ’ ಎಂದಳು. ಬರೆದೆ.

ಎರಡು ವರ್ಷದ ಮೇಲೆ ಅದನ್ನು ಕಥೆ ಮಾಡಿದೆ. ನೀವು ಹೇಳಿದಂತೆಯೇ ಎಲ್ಲವನ್ನೂ ಬದಲಾಯಿಸಿದ್ದೆ. ಹೆಸರು ಬೇರೆ, ಊರು ಘಟ್ಟದ ಮೇಲಿನದು, ಹಂಚಿನ ಮಾಡಿಗೆ ಹುಲ್ಲು ಹೊದಿಸಿದ್ದೆ, ಮಗನನ್ನು ಪಟ್ಟಾಳಕ್ಕೆ ಸೇರಿಸಿದ್ದೆ. ಆದರೆ ಆ ಒಂದು ಮಾತು ಅಷ್ಟು ಚೆನ್ನಾಗಿತ್ತು, ಬಿಡಲಾಗಲಿಲ್ಲ. ಕಥೆ ಅಚ್ಚಾಯಿತು. ಮುಂಬಯಿಯ ಹೋಟೆಲುಗಳಿಗೆ ಕನ್ನಡ ವಾರಪತ್ರಿಕೆ ಹೋಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹುಡುಗ ಓದಿದ. ‘ಮಳೆ ನಮ್ಮ ಮನೆಗೆ ಮಾತ್ರ ಬಂದದ್ದಲ್ಲ’ ಎಂಬಲ್ಲಿಗೆ ಬಂದಾಗ ಅವನಿಗೆ ತಾಯಿಯ ದನಿ ಕೇಳಿತು. ಅವಳು ಕಷ್ಟಕಾಲದಲ್ಲೆಲ್ಲ ಹಾಗೆಯೇ ಅನ್ನುವುದಂತೆ. ಮುಂದಿನ ತಿಂಗಳು ದುಪ್ಪಟ್ಟು ಹಣ ಬಂತು, ತುಂಡಿನಲ್ಲಿ ಒಂದೇ ಸಾಲಿತ್ತು: ‘ಹಂಚು ಹಾರಿದ್ದು ನನಗೇಕೆ ತಿಳಿಸಲಿಲ್ಲ?’

ಅದನ್ನು ಅವಳಿಗೆ ಓದಿ ಹೇಳಬೇಕಾದವನು ನಾನೇ. ಓದಿದೆ. ಅವಳು ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತುಂಡನ್ನು ತೆಗೆದುಕೊಂಡು ಹೋದಳು. ಆಮೇಲಿನ ಪತ್ರಗಳನ್ನು ಎರಡು ಮೈಲಿ ಆಚೆಗಿನ ಶಾಲೆಯ ಮೇಷ್ಟ್ರ ಹತ್ತಿರ ಬರೆಸಿದಳು. ನನ್ನ ಕಿಟಕಿಗೆ ಬಂದರೆ ಇನ್‌ಲ್ಯಾಂಡ್ ಕೊಳ್ಳುವುದಕ್ಕೆ ಮಾತ್ರ, ಚಿಲ್ಲರೆಯನ್ನು ಮೊದಲೇ ಎಣಿಸಿ ತಂದಿರುತ್ತಿದ್ದಳು. ಪರರ ಪತ್ರದ ಗುಟ್ಟು ಕಾಯುವುದು ಅಂಚೆಯವನ ಮೊದಲ ಪಾಠ. ನನಗೆ ವರ್ಗವಾಗುವ ತನಕ, ನಾಲ್ಕು ವರ್ಷ, ಆ ಎಣಿಸಿದ ಚಿಲ್ಲರೆಯನ್ನು ನಾನು ತೆಗೆದುಕೊಂಡೆ.

ಕಥೆ ಕೆಟ್ಟದ್ದಲ್ಲ. ಈಗಲೂ ಅದನ್ನು ಹೊಗಳುವವರಿದ್ದಾರೆ. ಬರೆಯಲೇಬಾರದಾಗಿತ್ತು ಎಂದು ನಾನು ಹೇಳಲಾರೆ, ಬರೆದದ್ದು ಸರಿ ಎಂದೂ ಹೇಳಲಾರೆ. ನಿಮ್ಮ ಅತ್ತೆ ಬದುಕಿದ್ದಾರೆ, ಮಾತಾಡಬಲ್ಲವರಾಗಿದ್ದಾರೆ. ಬರೆದು ಮೊದಲು ಅವರಿಗೆ ಓದಿ ಹೇಳಿ. ಬೇಡ ಎಂದರೆ ಪೆಟ್ಟಿಗೆಯಲ್ಲಿಡಿ, ಹೂಂ ಎಂದರೆ ಪುಣ್ಯವಂತರು. ನಾನೂ ಅವಳನ್ನು ಕೇಳಬಹುದಾಗಿತ್ತು. ಅವಳು ಕಿಟಕಿಯ ಆ ಕಡೆ, ಒಂದು ಮೊಳ ದೂರದಲ್ಲಿದ್ದಳು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಕಾವ್ಯನಾಮ ಇಟ್ಟುಕೊಂಡರೆ ಒಳ್ಳೆಯದೇ? ಮಾಸ್ತಿಯವರು ‘ಶ್ರೀನಿವಾಸ’ ಎಂದು ಇಟ್ಟುಕೊಂಡಿದ್ದರಲ್ಲ?
– ಓದುಗಿ, ಸಾಗರ

ಇಟ್ಟುಕೊಳ್ಳಿ ಮಗೂ, ಆದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ಹೆಸರನ್ನು ಪತ್ರಿಕೆಯವರಿಗೆ ತಪ್ಪದೆ ತಿಳಿಸಿ. ನನ್ನ ಮೊದಲ ಕಥೆಯನ್ನು ನಾನೂ ಒಂದು ಸೊಗಸಾದ ಕಾವ್ಯನಾಮದಲ್ಲಿ ಪ್ರಕಟಿಸಿದ್ದೆ. ಏನೆಂದು ಕೇಳಬೇಡಿ, ಅದರಲ್ಲಿ ಚಂದ್ರನಿದ್ದಾನೆ. ಎರಡು ತಿಂಗಳಿಗೆ ಗೌರವಧನದ ಮನಿಯಾರ್ಡರ್ ಬಂತು, 25 ರೂಪಾಯಿ, ಅದೇ ಹೆಸರಿಗೆ. ನಮ್ಮ ಪೋಸ್ಟ್‌ಮಾಸ್ಟರು ಕನ್ನಡಕದ ಮೇಲಿನಿಂದ ನೋಡಿ, ‘ಗುರುತಿನ ದಾಖಲೆ ತೋರಿಸಲಿ, ಕೊಡೋಣ’ ಎಂದರು. ನಿಯಮ ಅವರ ಕಡೆಗಿತ್ತು. ಏಳು ದಿನ ಇಟ್ಟುಕೊಂಡೆವು. ಎಂಟನೆಯ ದಿನ ಬೆಳಗ್ಗೆ ‘ಈ ಹೆಸರಿನವರು ಈ ಊರಿನಲ್ಲಿ ಯಾರೂ ಇಲ್ಲ’ ಎಂದು ನನ್ನ ಕೈಯಾರೆ ಷರಾ ಬರೆದು, ಮುದ್ರೆ ಹೊಡೆದು, ವಾಪಸು ಚೀಲಕ್ಕೆ ಹಾಕಿದೆ.